ಪರದೆ ಕಪ್ಪಾದಾಗ ದೂರುವುದು ಯಾರನ್ನು? ಗಣಕಯಂತ್ರದ ಮೆಮೊರಿ ಲೆಕ್ಕವನ್ನು ಓದುವ ಬಗೆ

ಕಾಸರಗೋಡಿನ ಒಳನಾಡಿನಲ್ಲಿ ನಾವು ಕೆಲವು ಮಂದಿ ಪಾಲಕರು ಕೂಡಿ ನಡೆಸಿಕೊಂಡು ಬರುತ್ತಿರುವ ವಾಚನಾಲಯದಲ್ಲಿ ಒಂದು ಗಣಕಯಂತ್ರವಿದೆ. ವಂತಿಗೆ ಕೂಡಿಸಿ ಕೊಂಡ ಹಳೆಯ ಯಂತ್ರ. ಸಂಜೆ ಶಾಲೆ ಬಿಟ್ಟ ಮೇಲೆ ಕನ್ನಡ ಮಾಧ್ಯಮದ ಮಕ್ಕಳು ಅಲ್ಲಿಗೆ ಬರುತ್ತಾರೆ. ಅಚ್ಚಾದ ಪಠ್ಯಪುಸ್ತಕ ಕೈಸೇರಲು ತಡವಾದ ದಿನಗಳಲ್ಲಿ ಅವರಿಗೆ ಆ ಪರದೆಯೇ ಪುಸ್ತಕ. ಕಳೆದ ಮಳೆಗಾಲದಲ್ಲಿ ಆ ಪರದೆ ಇದ್ದಕ್ಕಿದ್ದಂತೆ ಕಪ್ಪಾಗತೊಡಗಿತು. ಒಂದೆರಡು ಕ್ಷಣ ಕತ್ತಲೆ, ಮತ್ತೆ ಬೆಳಕು, ಮೂಲೆಯಲ್ಲೊಂದು ಇಂಗ್ಲಿಷ್ ಸೂಚನೆ: ಡಿಸ್‌ಪ್ಲೇ ಡ್ರೈವರ್ ಪ್ರತಿಕ್ರಿಯಿಸುವುದನ್ನು ನಿಲ್ಲಿಸಿತ್ತು, ಈಗ ಚೇತರಿಸಿಕೊಂಡಿದೆ. ಕೆಲವು ವಾರಗಳ ತರುವಾಯ ಚೇತರಿಕೆಯೂ ನಿಂತಿತು. ನೀಲಿ ಪರದೆ ಬಂದು ಯಂತ್ರ ತಾನಾಗಿಯೇ ಮರುಪ್ರಾರಂಭವಾಗುತ್ತಿತ್ತು. ಉಪಜಿಲ್ಲಾ ಕಲೋತ್ಸವಕ್ಕೆಂದು ಏಳನೆಯ ತರಗತಿಯ ಹುಡುಗಿಯೊಬ್ಬಳು ಎರಡು ಸಂಜೆ ಕೂತು ಬೆರಳಚ್ಚು ಮಾಡಿದ್ದ ಕಥೆ ಹಾಗೆ ಒಮ್ಮೆ ಅಳಿದುಹೋಯಿತು. ಅವಳು ಅಳಲಿಲ್ಲ, ಆದರೆ ಮೂರು ದಿನ ವಾಚನಾಲಯದ ಕಡೆಗೆ ಬರಲಿಲ್ಲ.

ಯಂತ್ರವನ್ನು ಪಟ್ಟಣದ ದುರಸ್ತಿ ಅಂಗಡಿಯೊಂದಕ್ಕೆ ಒಯ್ದೆವು. ಹತ್ತು ನಿಮಿಷ ನೋಡಿ, ಗ್ರಾಫಿಕ್ಸ್ ಚಿಪ್ ಹೋಗಿದೆ, ಮದರ್‌ಬೋರ್ಡ್ ಬದಲಿಸಬೇಕು, ಅದಕ್ಕಿಂತ ಹೊಸತನ್ನೇ ಕೊಳ್ಳುವುದು ಮೇಲು ಎಂದರು. ಮತ್ತೊಮ್ಮೆ ವಂತಿಗೆಗೆ ಮನೆಮನೆ ಏರಿಳಿಯುವ ಧೈರ್ಯ ನಮಗಿರಲಿಲ್ಲ. ಯಂತ್ರವನ್ನು ಹಿಂದಕ್ಕೆ ತಂದು, ಅದು ತನ್ನ ಬಗ್ಗೆ ತಾನೇ ಬರೆದಿಟ್ಟುಕೊಂಡಿರುವ ಲೆಕ್ಕವನ್ನು ಓದಲು ಕುಳಿತೆವು. ಕೊನೆಗೆ ಕೆಟ್ಟದ್ದು ಗ್ರಾಫಿಕ್ಸ್ ಚಿಪ್ಪೂ ಅಲ್ಲ, ಡ್ರೈವರೂ ಅಲ್ಲ ಎಂದು ತಿಳಿಯಿತು. ಆ ಓದಿನ ಬಗೆಯನ್ನು, ಮನೆಯಲ್ಲಿ ಇಂಥದೊಂದು ಯಂತ್ರವಿರುವ ಎಲ್ಲ ಪಾಲಕರಿಗಾಗಿ ಇಲ್ಲಿ ವಿವರಿಸುತ್ತಿದ್ದೇವೆ.

ಮೊದಲು ಆ ಸೂಚನೆಯ ಅರ್ಥ. ಡ್ರೈವರ್ ಎಂದರೆ ಕಾರ್ಯಾಚರಣಾ ವ್ಯವಸ್ಥೆಗೂ ಒಂದು ಬಿಡಿಭಾಗಕ್ಕೂ ನಡುವೆ ನಿಂತ ದುಭಾಷಿ. ಚಿತ್ರ ಬಿಡಿಸುವ ಚಿಪ್‌ಗೆ ಅದರದೇ ಭಾಷೆಯಿದೆ. ವಿಂಡೋಸ್ ಹೇಳಿದ್ದನ್ನು ಆ ಭಾಷೆಗೆ ತಿರುಗಿಸಿ ಕೊಡುವುದು ಡಿಸ್‌ಪ್ಲೇ ಡ್ರೈವರ್. ಎರಡು ಭಾಷೆಗಳ ನಡುವೆ ಬದುಕುವ ನಮಗೆ ದುಭಾಷಿಯ ಪಾಡು ಹೊಸತಲ್ಲ. ಮಾತು ಎಲ್ಲಿ ತಪ್ಪಿದರೂ ಬೈಗುಳ ಮಾತ್ರ ಅವನಿಗೇ. ಹಳೆಯ ವಿಂಡೋಸ್ ಎಕ್ಸ್‌ಪಿಯ ಕಾಲದಲ್ಲಿ ಚಿತ್ರದ ಚಿಪ್ ಒಂದು ಕೆಲಸದಲ್ಲಿ ಸಿಕ್ಕಿಕೊಂಡರೆ ಸಾಮಾನ್ಯವಾಗಿ ಇಡೀ ಯಂತ್ರವೇ ನಿಶ್ಚಲವಾಗುತ್ತಿತ್ತು. 2007ರಲ್ಲಿ ಮಾರುಕಟ್ಟೆಗೆ ಬಂದ ವಿಂಡೋಸ್ ವಿಸ್ಟಾದಿಂದೀಚೆಗೆ ಒಂದು ಕಾವಲು ವ್ಯವಸ್ಥೆ ಸೇರಿಕೊಂಡಿತು. ಚಿಪ್‌ಗೆ ಒಪ್ಪಿಸಿದ ಕೆಲಸ 2 ಸೆಕೆಂಡಿನೊಳಗೆ ಮುಗಿಯದೆ, ಕೈಬಿಡು ಎಂದಾಗ ಅದನ್ನು ಬಿಡಲೂ ಆಗದೆ ಹೋದರೆ, ವಿಂಡೋಸ್ ಆ ಚಿಪ್ಪನ್ನೂ ಅದರ ಡ್ರೈವರನ್ನೂ ಹೊಸದಾಗಿ ಎಬ್ಬಿಸುತ್ತದೆ. ನಾವು ಕಾಣುವ ಕ್ಷಣಕಾಲದ ಕತ್ತಲೆ ಅದೇ. ಒಂದು ನಿಮಿಷದೊಳಗೆ ಐದಾರು ಬಾರಿ ಇದು ಮರುಕಳಿಸಿದರೆ, ಅಥವಾ ಎಬ್ಬಿಸುವ ಯತ್ನವೇ ವಿಫಲವಾದರೆ, ವಿಂಡೋಸ್ ಕೈಚೆಲ್ಲಿ ನೀಲಿ ಪರದೆಯನ್ನು ತೋರಿಸುತ್ತದೆ. ಈಚಿನ ವಿಂಡೋಸ್ 11ರಲ್ಲಿ ಆ ಪರದೆಯ ಬಣ್ಣ ಕಪ್ಪಾಗಿದೆ. ಬಣ್ಣ ಬದಲಾದರೂ ಸುದ್ದಿ ಅದೇ.

ಆದುದರಿಂದ ಆ ಸೂಚನೆ ಹೇಳುವುದು ಇಷ್ಟನ್ನೇ: ದುಭಾಷಿ ಸಮಯಕ್ಕೆ ಉತ್ತರಿಸಲಿಲ್ಲ. ಏಕೆ ಉತ್ತರಿಸಲಿಲ್ಲ ಎಂಬುದನ್ನು ಅದು ಹೇಳುವುದಿಲ್ಲ. ಡ್ರೈವರಿನಲ್ಲೇ ದೋಷವಿರಬಹುದು. ಚಿಪ್ ಕಾದಿರಬಹುದು. ವಿದ್ಯುತ್ ಪೂರೈಸುವ ಪೆಟ್ಟಿಗೆ ದುರ್ಬಲವಾಗಿರಬಹುದು. ಅಥವಾ, ನಮ್ಮಲ್ಲಿ ಆದಂತೆ, ಮೆಮೊರಿಯೇ ಕಾರಣವಾಗಿರಬಹುದು.

ಚಿತ್ರದ ತೊಂದರೆಗೂ ಮೆಮೊರಿಗೂ ಏನು ನಂಟು ಎಂದು ಕೇಳುವವರಿದ್ದಾರೆ. ನಾವೂ ಕೇಳಿದ್ದೆವು. ಆಟಗಳಿಗೆಂದು ಕೊಳ್ಳುವ ದುಬಾರಿ ಯಂತ್ರಗಳಲ್ಲಿ ಗ್ರಾಫಿಕ್ಸ್ ಕಾರ್ಡ್ ಬೇರೆಯಾಗಿರುತ್ತದೆ, ಅದಕ್ಕೆ ಸ್ವಂತ ಮೆಮೊರಿಯೂ ಇರುತ್ತದೆ. ನಮ್ಮ ಮನೆಗಳಲ್ಲಿರುವ ಹೆಚ್ಚಿನ ಯಂತ್ರಗಳು ಹಾಗಲ್ಲ. ಅವುಗಳಲ್ಲಿ ಚಿತ್ರದ ಚಿಪ್ ಪ್ರೊಸೆಸರಿನ ಒಳಗೇ ಅಡಕವಾಗಿದೆ. ಅದಕ್ಕೆ ಬೇಕಾದ ಜಾಗವನ್ನು ಅದು ಯಂತ್ರದ ಸಾಮಾನ್ಯ ರ‍್ಯಾಮ್‌ನಿಂದಲೇ ಪಡೆಯಬೇಕು. ಪರದೆಯ ಮೇಲೆ ಕಾಣುವ ಚಿತ್ರವೂ, ಚಿಪ್‌ಗೆ ಕೊಟ್ಟ ಆಜ್ಞೆಗಳ ಸರದಿಯೂ, ಮಕ್ಕಳು ತೆರೆದ ಪಾಠದ ಪುಟಗಳೂ ಒಂದೇ ಉಗ್ರಾಣದಲ್ಲಿ ಕೂಡಿರುತ್ತವೆ. ಉಗ್ರಾಣ ತುಂಬಿ ಕೇಳಿದ ಜಾಗ ಸಿಗದಾಗ, ಆ ಸಂದರ್ಭವನ್ನು ಸರಿಯಾಗಿ ನಿಭಾಯಿಸದ ಡ್ರೈವರ್ ಅಥವಾ ತಂತ್ರಾಂಶ ಮುಗ್ಗರಿಸುತ್ತದೆ. ಉಗ್ರಾಣದ ಒಂದು ಮೂಲೆ ಹಾಳಾಗಿದ್ದು, ಇಟ್ಟ ಅಂಕಿ ಒಂದು, ತೆಗೆದ ಅಂಕಿ ಇನ್ನೊಂದು ಆದರೆ ಗತಿ ಇನ್ನೂ ಕೆಟ್ಟದು. ತಪ್ಪು ಆಜ್ಞೆಯನ್ನು ಓದಿದ ಚಿಪ್ ಎಲ್ಲೋ ಸಿಕ್ಕಿಕೊಳ್ಳುತ್ತದೆ, 2 ಸೆಕೆಂಡು ಕಳೆಯುತ್ತದೆ, ಹೆಸರು ಡ್ರೈವರಿಗೆ ಬರುತ್ತದೆ.

ಇನ್ನು ಲೆಕ್ಕದ ಮಾತು. ಗಣಕಯಂತ್ರ ಎರಡು ಕಡೆ ಲೆಕ್ಕವಿಡುತ್ತದೆ: ಪ್ರೊಸೆಸರಿನ ಒಳಗೆ ಒಂದು, ಕಾರ್ಯಾಚರಣಾ ವ್ಯವಸ್ಥೆಯಲ್ಲಿ ಇನ್ನೊಂದು. ಮನೆಯ ಗೋಡೆಯ ಮೇಲಿನ ವಿದ್ಯುತ್ ಮೀಟರನ್ನು ನೆನೆದರೆ ಎರಡರ ಸ್ವಭಾವವೂ ತಿಳಿಯುತ್ತದೆ. ಮೀಟರ್ ಎಷ್ಟು ಓಡಿತು ಎಂದು ಹೇಳುತ್ತದೆ, ಪಂಪು ಕೆಟ್ಟಿದೆಯೋ ಇಲ್ಲವೋ ಎಂದು ಹೇಳುವುದಿಲ್ಲ. ಆದರೆ ಎಲ್ಲ ದೀಪ ಆರಿಸಿದ ಮೇಲೂ ಅದು ಓಡುತ್ತಿದ್ದರೆ ನಾವು ಹುಡುಕಲು ಹೊರಡುತ್ತೇವೆ.

ಪ್ರೊಸೆಸರಿನ ಒಳಗಿನ ಲೆಕ್ಕಕ್ಕೆ ಸ್ವಾರಸ್ಯಕರವಾದ ಚರಿತ್ರೆಯಿದೆ. 1993ರಲ್ಲಿ ಇಂಟೆಲ್ ಹೊರತಂದ ಪೆಂಟಿಯಂನಲ್ಲಿ ಇಂತಹ ಎಣಿಕೆಗಾರರು ಇಬ್ಬರಿದ್ದರು. ಬೇಕಾದ ಮಾಹಿತಿ ಹತ್ತಿರದ ಮೆಮೊರಿಯಲ್ಲಿ ಸಿಗದೆ ಎಷ್ಟು ಸಲ ದೂರ ಹೋಗಬೇಕಾಯಿತು ಎಂಬಂತಹ ಸಂಗತಿಗಳನ್ನು ಅವು ಎಣಿಸುತ್ತಿದ್ದವು. ಆದರೆ ಅವುಗಳ ವಿವರ ಸಾರ್ವಜನಿಕ ಕೈಪಿಡಿಯಲ್ಲಿರಲಿಲ್ಲ. ಗೋಪ್ಯತೆಯ ಒಪ್ಪಂದಕ್ಕೆ ಸಹಿ ಹಾಕಿದವರಿಗೆ ಮಾತ್ರ ಅದು ದೊರೆಯುತ್ತಿತ್ತು. ನಾರ್ವೆಯ ತಂತ್ರಜ್ಞ ಟೆರ್ಯೆ ಮಾಥಿಸೆನ್ ತಾವೇ ಪ್ರಯೋಗ ಮಾಡಿ ಆ ಎಣಿಕೆಗಳ ಮರ್ಮವನ್ನು ಬಿಡಿಸಿ, 1994ರಲ್ಲಿ ಬೈಟ್ ಪತ್ರಿಕೆಯಲ್ಲಿ ಪ್ರಕಟಿಸಿದರು. ತರುವಾಯದ ಪ್ರೊಸೆಸರುಗಳಲ್ಲಿ ಈ ವಿವರಗಳು ಕೈಪಿಡಿಯ ಭಾಗವೇ ಆದವು. ಲಿನಕ್ಸ್‌ನಲ್ಲಿ 2009ರಿಂದ ಪರ್ಫ್ ಎಂಬ ಸಾಧನ ಅವುಗಳನ್ನು ಯಾರಾದರೂ ಓದುವಂತೆ ಮಾಡಿದೆ.

ದೂರ ಹೋಗುವುದೆಂದರೆ ಎಷ್ಟು ದೂರ? ಅಡುಗೆಯವರ ಕೈಗೆಟಕುವ ಉಪ್ಪಿನ ಮರಿಗೆ, ಗೋಡೆಯ ಕಪಾಟು, ಉಗ್ರಾಣ, ಊರಾಚೆಯ ಅಂಗಡಿ ಎಂದು ಕಲ್ಪಿಸಿಕೊಳ್ಳೋಣ. ಪ್ರೊಸೆಸರಿನ ತೀರ ಹತ್ತಿರದ ಮೆಮೊರಿಯಿಂದ ಒಂದು ಅಂಕಿ ತರಲು ಸುಮಾರು 1 ನ್ಯಾನೋಸೆಕೆಂಡು ಸಾಕು, ಅಂದರೆ ಸೆಕೆಂಡಿನ ನೂರು ಕೋಟಿಯಲ್ಲಿ ಒಂದು ಭಾಗ. ರ‍್ಯಾಮ್‌ನಿಂದ ತರಲು ಹೆಚ್ಚುಕಡಿಮೆ 100 ನ್ಯಾನೋಸೆಕೆಂಡು ಬೇಕು. ಎಸ್‌ಎಸ್‌ಡಿಯಿಂದ ಒಂದು ಲಕ್ಷ, ತಿರುಗುವ ಹಳೆಯ ಹಾರ್ಡ್ ಡಿಸ್ಕಿನಿಂದ ಒಂದು ಕೋಟಿಯ ಆಸುಪಾಸು. ಈ ಸಂಖ್ಯೆಗಳು ಮನಸ್ಸಿಗೆ ಹತ್ತುವುದಿಲ್ಲ. ಮರಿಗೆಯಿಂದ ಉಪ್ಪು ತೆಗೆಯಲು 1 ಸೆಕೆಂಡು ಎಂದು ಹಿಗ್ಗಿಸಿ ನೋಡಿದರೆ, ರ‍್ಯಾಮ್ ಎಂಬ ಉಗ್ರಾಣಕ್ಕೆ ಹೋಗಿಬರಲು ಒಂದೂವರೆ ನಿಮಿಷ, ಎಸ್‌ಎಸ್‌ಡಿಗೆ ಒಂದು ದಿನಕ್ಕಿಂತ ಹೆಚ್ಚು, ಹಾರ್ಡ್ ಡಿಸ್ಕಿಗೆ ಸುಮಾರು ನಾಲ್ಕು ತಿಂಗಳು! ಮಗು ಪಿಡಿಎಫ್ ಪುಟ ತಿರುಗಿಸಿದಾಗ ಯಂತ್ರ ಗರಗರ ಎನ್ನುತ್ತ ನಿಲ್ಲುವುದು ಏಕೆಂದು ಇದರಿಂದ ತಿಳಿಯುತ್ತದೆ. ರ‍್ಯಾಮ್ ಸಾಲದೆ ಅದು ನಾಲ್ಕು ತಿಂಗಳ ಪ್ರಯಾಣಕ್ಕೆ ಹೊರಟಿರುತ್ತದೆ.

ನಮ್ಮ ಅಭಿಪ್ರಾಯವನ್ನು ಮರೆಮಾಚದೆ ಹೇಳುವುದಾದರೆ, ಪ್ರೊಸೆಸರಿನ ಒಳ ಎಣಿಕೆಗಳು ತಂತ್ರಾಂಶ ಬರೆಯುವವರಿಗೆ ಅಮೂಲ್ಯ, ಮನೆಮಂದಿಗೆ ಅಷ್ಟಾಗಿ ಉಪಯೋಗವಿಲ್ಲ. ಯಂತ್ರ ಏಕೆ ನಿಧಾನ ಎಂಬುದಕ್ಕೆ ಅವು ಉತ್ತರಿಸುತ್ತವೆ, ಏಕೆ ಬಿತ್ತು ಎಂಬುದಕ್ಕೆ ಅಪರೂಪವಾಗಿ. ಪರದೆ ಕಪ್ಪಾಗುವ ಮನೆಯವರು ನೋಡಬೇಕಾದದ್ದು ಕಾರ್ಯಾಚರಣಾ ವ್ಯವಸ್ಥೆಯ ಲೆಕ್ಕವನ್ನು.

ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಎಂಬ ಮೂರು ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ಅದರಲ್ಲಿ ಪರ್ಫಾರ್ಮೆನ್ಸ್ ವಿಭಾಗದ ಮೆಮೊರಿ ಪುಟಕ್ಕೆ ಹೋಗಬೇಕು. ಬಲಗಡೆಯ ಮೇಲ್ತುದಿಯಲ್ಲಿ ಯಂತ್ರಕ್ಕೆ ಕಾಣುತ್ತಿರುವ ಒಟ್ಟು ರ‍್ಯಾಮ್ ಇರುತ್ತದೆ. ನಮ್ಮ ಯಂತ್ರವನ್ನು ಮಾರಿದವರು 8 ಜಿಬಿ ಎಂದಿದ್ದರು, 4 ಜಿಬಿಯ ಎರಡು ಪಟ್ಟಿಗಳು. ಪುಟ ತೋರಿಸಿದ್ದು 4 ಜಿಬಿ. ಕೆಳಗೆ ಸ್ಲಾಟ್ಸ್ ಯೂಸ್ಡ್ ಎಂಬಲ್ಲಿ ಎರಡರಲ್ಲಿ ಒಂದು ಎಂದಿತ್ತು. ಮೊದಲ ಸುಳಿವು ಅಲ್ಲೇ ಸಿಕ್ಕಿತು. ಅಂಗಡಿಯವರು ಈ ಪುಟವನ್ನು ತೆರೆದಿರಲಿಲ್ಲ ಎಂದು ನಾವು ದೂರುತ್ತಿಲ್ಲ. ಅದಕ್ಕೂ ಮೊದಲು ಎಷ್ಟೋ ತಿಂಗಳು ನಾವೇ ತೆರೆದಿರಲಿಲ್ಲ.

ಅದೇ ಪುಟದಲ್ಲಿ ಓದಬೇಕಾದ ಇನ್ನೂ ಮೂರು ಅಂಕಿಗಳಿವೆ. ಇನ್ ಯೂಸ್ ಎಂಬುದು ಈಗ ಬಳಕೆಯಲ್ಲಿರುವ ಜಾಗ, ಅವೈಲಬಲ್ ಎಂಬುದು ಕೇಳಿದೊಡನೆ ಕೊಡಬಹುದಾದ ಜಾಗ. ಕ್ಯಾಶ್ಡ್ ಎಂಬ ಅಂಕಿ ದೊಡ್ಡದಿದ್ದರೆ ಹೆದರಬೇಕಾಗಿಲ್ಲ, ಅದರಲ್ಲಿ ಬಹುಪಾಲನ್ನು ಬೇಕಾದಾಗ ಬಿಟ್ಟುಕೊಡಲಾಗುತ್ತದೆ. ಹೆಚ್ಚು ಅರ್ಥಪೂರ್ಣವಾದದ್ದು ಕಮಿಟೆಡ್. ಅಲ್ಲಿ ಎರಡು ಸಂಖ್ಯೆಗಳು ಗೀಟಿನಿಂದ ಬೇರ್ಪಟ್ಟಿರುತ್ತವೆ. ಮೊದಲನೆಯದು ತಂತ್ರಾಂಶಗಳಿಗೆಲ್ಲ ಯಂತ್ರ ಕೊಟ್ಟ ಮಾತು, ಎರಡನೆಯದು ಅದು ಕೊಡಬಲ್ಲ ಮಾತಿನ ಮಿತಿ. ಆ ಮಿತಿ ಎಂದರೆ ರ‍್ಯಾಮ್ ಮತ್ತು ಡಿಸ್ಕಿನಲ್ಲಿ ಅದಕ್ಕೆಂದೇ ಮೀಸಲಿಟ್ಟ ಪೇಜ್ ಫೈಲ್, ಇವೆರಡರ ಮೊತ್ತ. ಮೊದಲ ಸಂಖ್ಯೆ ಎರಡನೆಯದರ ಹತ್ತಿರ ಬಂದಂತೆ ಯಂತ್ರ ಸಾಲದ ಅಂಚಿನಲ್ಲಿರುತ್ತದೆ. ಇಲ್ಲೊಂದು ಉಪಕಥೆಯಿದೆ. ಸಿ ಡ್ರೈವ್ ಪೂರ್ತಿ ತುಂಬಿದ್ದರೆ ಪೇಜ್ ಫೈಲ್ ಬೆಳೆಯಲಾರದು. ಮದುವೆಯ ವಿಡಿಯೋಗಳಿಂದ ಡಿಸ್ಕು ತುಂಬಿದ ಯಂತ್ರಗಳಲ್ಲಿ ತಂತ್ರಾಂಶಗಳು ಬೀಳುವುದಕ್ಕೆ ಇದೂ ಒಂದು ಕಾರಣ. ಅದಕ್ಕೆ ಮದ್ದು ರ‍್ಯಾಮ್ ಅಲ್ಲ, ಒಂದು ಪೆನ್ ಡ್ರೈವ್.

ಮೂರನೆಯದು ನಾನ್-ಪೇಜ್ಡ್ ಪೂಲ್. ಕಾರ್ಯಾಚರಣಾ ವ್ಯವಸ್ಥೆಯ ತಿರುಳು ಮತ್ತು ಡ್ರೈವರುಗಳು ಡಿಸ್ಕಿಗೆ ಸರಿಸಲು ಬಿಡದೆ ರ‍್ಯಾಮ್‌ನಲ್ಲೇ ಹಿಡಿದಿಟ್ಟುಕೊಳ್ಳುವ ಜಾಗ ಅದು. ಸಾಮಾನ್ಯವಾಗಿ ಕೆಲವು ನೂರು ಎಂಬಿಗಳಲ್ಲಿ ಇರುತ್ತದೆ. ಇದರ ಮಾತು ಮುಂದೆ ಬರಲಿದೆ.

ನಮ್ಮ ಯಂತ್ರದಲ್ಲಿ ನಾಲ್ಕೈದು ಪಾಠಗಳನ್ನೂ ಒಂದು ವಿಡಿಯೋವನ್ನೂ ತೆರೆದಾಗ ಇನ್ ಯೂಸ್ 3.6 ಜಿಬಿಗೆ ಏರಿತು. ರಿಸೋರ್ಸ್ ಮಾನಿಟರ್ ಎಂಬ ಇನ್ನೊಂದು ಕಿಟಕಿಯಲ್ಲಿ ಹಾರ್ಡ್ ಫಾಲ್ಟ್ಸ್ ಎಂಬ ಗೆರೆ ಬೆಟ್ಟದ ಸಾಲಿನಂತೆ ಏಳುತ್ತಿತ್ತು. ಹೆಸರು ಕೇಳಿ ಯಂತ್ರಕ್ಕೆ ಪೆಟ್ಟಾಗಿದೆ ಎಂದು ಭಾವಿಸಬಾರದು. ರ‍್ಯಾಮ್‌ನಲ್ಲಿ ಇಲ್ಲದ ಪುಟವನ್ನು ಡಿಸ್ಕಿನಿಂದ ತರಬೇಕಾಯಿತು ಎಂಬುದಷ್ಟೇ ಅದರ ಅರ್ಥ. ಒಂದು ತಂತ್ರಾಂಶ ತೆರೆಯುವಾಗ ಏರಿ ಇಳಿದರೆ ಸಹಜ. ಸುಮ್ಮನೆ ಓದುತ್ತಿರುವಾಗಲೂ ನಿಮಿಷಗಟ್ಟಲೆ ಇಳಿಯದಿದ್ದರೆ ಉಗ್ರಾಣ ಚಿಕ್ಕದಾಗಿದೆ ಎಂದೇ ತಿಳಿಯಬೇಕು.

ಯಂತ್ರವನ್ನು ಆರಿಸಿ, ತಂತಿಯನ್ನು ಗೋಡೆಯಿಂದ ಕಳಚಿ, ಪೆಟ್ಟಿಗೆಯ ಮಗ್ಗುಲನ್ನು ತೆರೆದೆವು. ಮೈಯ ಸ್ಥಾಯೀ ವಿದ್ಯುತ್ತು ಚಿಪ್ಪನ್ನು ಸುಡಬಾರದೆಂದು ಮೊದಲು ಪೆಟ್ಟಿಗೆಯ ಲೋಹವನ್ನು ಮುಟ್ಟಿಕೊಂಡೆವು. ಎರಡನೆಯ ಪಟ್ಟಿಯ ಹೊಂಬಣ್ಣದ ಅಂಚಿನ ಮೇಲೆ ಮಳೆಗಾಲದ ತೇವವೂ ಧೂಳೂ ಸೇರಿ ಮಂಕು ಕವಿದಿತ್ತು. ಶಾಲೆಯ ಮಕ್ಕಳ ರಬ್ಬರಿನಿಂದ ಹಗುರವಾಗಿ ಉಜ್ಜಿ, ಪುಡಿಯನ್ನು ಒಣಬಟ್ಟೆಯಿಂದ ಒರೆಸಿ, ಎರಡೂ ಬದಿಯ ಚಿಲಕ ಟಕ್ಕೆನ್ನುವವರೆಗೆ ಒತ್ತಿ ಕೂರಿಸಿದೆವು. ಯಂತ್ರ ಎದ್ದಾಗ ಪುಟದಲ್ಲಿ 8 ಜಿಬಿ. ಅಂದು ಸಂಜೆ ನಾವು ಚಹಾ ಕುಡಿದದ್ದು ಗೆದ್ದವರಂತೆ.

ಗೆದ್ದಿರಲಿಲ್ಲ. ಯಂತ್ರ ಚುರುಕಾಯಿತು, ಗರಗರ ನಿಂತಿತು. ಪರದೆ ಮಾತ್ರ ಕಪ್ಪಾಗುತ್ತಲೇ ಇತ್ತು, ನೀಲಿ ಪರದೆ ಮೊದಲಿಗಿಂತ ಹೆಚ್ಚಾಯಿತು. ಆಗ ತೆರೆದದ್ದು ರಿಲಯಬಿಲಿಟಿ ಮಾನಿಟರ್. ಸ್ಟಾರ್ಟ್ ಮೆನುವಿನಲ್ಲಿ ಆ ಹೆಸರಿನ ಮೊದಲ ಅಕ್ಷರಗಳನ್ನು ಬೆರಳಚ್ಚಿಸಿದರೆ ಸಿಗುತ್ತದೆ. ದಿನಕ್ಕೊಂದು ಕಂಬದಂತೆ ಯಂತ್ರದ ದಿನಚರಿಯನ್ನು ಅದು ತೋರಿಸುತ್ತದೆ. ಬಿದ್ದ ದಿನಗಳಲ್ಲಿ ಕೆಂಪು ಗುರುತು. ಚಿತ್ರದ ಚಿಪ್ ಸಿಕ್ಕಿಕೊಂಡಾಗ ಅಲ್ಲಿ ಲೈವ್ ಕರ್ನೆಲ್ ಇವೆಂಟ್ ಎಂಬ ಹೆಸರಿನೊಡನೆ 117 ಅಥವಾ 141 ಎಂಬ ಸಂಖ್ಯೆ ಕಾಣಬಹುದು. ಇವೆಂಟ್ ವ್ಯೂವರ್ ಎಂಬ ಇನ್ನೊಂದು ದಾಖಲೆಯಲ್ಲಿ ಡಿಸ್‌ಪ್ಲೇ ಡ್ರೈವರ್ ಚೇತರಿಸಿಕೊಂಡ ಸಂಗತಿಗೆ 4101 ಎಂಬ ಗುರುತು. ಚೇತರಿಕೆ ವಿಫಲವಾದ ನೀಲಿ ಪರದೆಯ ಸಂಖ್ಯೆ 116.

ಈ ಸಂಖ್ಯೆಗಳೇ ಮತ್ತೆಮತ್ತೆ ಬರುತ್ತಿದ್ದರೆ ಸಂದೇಹ ಚಿತ್ರದ ಕಡೆಗೆ ತಿರುಗಬೇಕು. ನಮ್ಮ ದಾಖಲೆಯಲ್ಲಿ ಅವು ಇದ್ದವು, ಆದರೆ ಅವುಗಳ ನಡುವೆ ಬೇರೆಬೇರೆ ಹೆಸರಿನ ನೀಲಿ ಪರದೆಗಳೂ, ಸಂಬಂಧವೇ ಇಲ್ಲದ ತಂತ್ರಾಂಶಗಳ ಪತನವೂ ಇದ್ದವು. ಒಂದು ದಿನ ಬ್ರೌಸರ್, ಮರುದಿನ ಬೆರಳಚ್ಚಿನ ತಂತ್ರಾಂಶ, ಇನ್ನೊಂದು ದಿನ ವಿಂಡೋಸ್‌ನದೇ ಒಂದು ಭಾಗ. ರೋಗ ಪ್ರತಿದಿನ ಹೆಸರು ಬದಲಿಸುತ್ತಿದ್ದರೆ ಎಲ್ಲರೂ ಹಂಚಿಕೊಳ್ಳುವ ವಸ್ತುವಿನ ಮೇಲೆ ಸಂಶಯ ಪಡಬೇಕು. ಮನೆಯಲ್ಲಿ ಎಲ್ಲರಿಗೂ ಹೊಟ್ಟೆ ಕೆಟ್ಟರೆ ಬಾವಿಯ ನೀರನ್ನು ಪರೀಕ್ಷಿಸುವಂತೆ.

ಇಲ್ಲಿ ಒಂದು ಸಂಗತಿಯನ್ನು ಸ್ಪಷ್ಟಪಡಿಸಬೇಕು. ಟಾಸ್ಕ್ ಮ್ಯಾನೇಜರಿನ ಅಂಕಿಗಳು ರ‍್ಯಾಮ್ ಎಷ್ಟಿದೆ, ಎಷ್ಟು ತುಂಬಿದೆ ಎಂದು ಹೇಳುತ್ತವೆಯೇ ಹೊರತು, ಅದು ನಂಬಿಕೆಗೆ ಅರ್ಹವೇ ಎಂದು ಹೇಳುವುದಿಲ್ಲ. ಅದಕ್ಕೆ ಪರೀಕ್ಷೆ ಬೇರೆ. ವಿಂಡೋಸ್ ಮೆಮೊರಿ ಡಯಾಗ್ನೋಸ್ಟಿಕ್ ಎಂಬುದು ಎಲ್ಲ ವಿಂಡೋಸ್ ಯಂತ್ರಗಳಲ್ಲೂ ಇದೆ. ತೆರೆದರೆ ಯಂತ್ರ ಮರುಪ್ರಾರಂಭವಾಗಿ, ಮೆಮೊರಿಯ ಪ್ರತಿ ಮೂಲೆಯಲ್ಲೂ ಅಂಕಿಗಳನ್ನು ಬರೆದು, ಮತ್ತೆ ಓದಿ, ಹೋಲಿಸುತ್ತದೆ. ಇನ್ನೂ ಕಟ್ಟುನಿಟ್ಟಾದ ಪರೀಕ್ಷೆಗೆ ಪೆನ್ ಡ್ರೈವಿನಿಂದ ಓಡಿಸುವ ಮೆಮ್‌ಟೆಸ್ಟ್86 ಎಂಬ ತಂತ್ರಾಂಶ ಉಚಿತವಾಗಿ ಸಿಗುತ್ತದೆ. ರಾತ್ರಿ ಹಚ್ಚಿ ಬಿಟ್ಟು ಬೆಳಗ್ಗೆ ನೋಡುವ ಕೆಲಸ ಅದು. ಒಂದೇ ಒಂದು ತಪ್ಪು ಕಂಡರೂ ಆ ಮೆಮೊರಿ ಅನುತ್ತೀರ್ಣ. ಇಲ್ಲಿ ಕೃಪಾಂಕಗಳಿಲ್ಲ.

ನಮ್ಮ ಯಂತ್ರದಲ್ಲಿ ಬೆಳಗ್ಗೆ ಪರದೆಯ ತುಂಬ ಕೆಂಪು ಸಾಲುಗಳಿದ್ದವು. ಯಾವ ಪಟ್ಟಿಯದೆಂದು ತಿಳಿಯಲು ಒಂದೊಂದನ್ನೇ ಇಟ್ಟು ಪರೀಕ್ಷಿಸಿದೆವು. ರಬ್ಬರಿನಿಂದ ಉಜ್ಜಿ ನಾವು ಎಬ್ಬಿಸಿದ್ದ ಪಟ್ಟಿಯೇ ದೋಷಿ. ಅದನ್ನು ಎರಡನೆಯ ಸ್ಲಾಟಿನಿಂದ ಮೊದಲನೆಯದಕ್ಕೆ ಬದಲಿಸಿದರೂ ತಪ್ಪುಗಳು ಅದರೊಡನೆಯೇ ಹೋದವು. ಆದ್ದರಿಂದ ಮದರ್‌ಬೋರ್ಡ್ ನಿರಪರಾಧಿ. ಆರಂಭದ ದಿನಗಳಲ್ಲಿ ಅದು ಒಮ್ಮೆ ಸಂಪರ್ಕಕ್ಕೆ ಸಿಕ್ಕಿ ಇನ್ನೊಮ್ಮೆ ಸಿಗದೆ ಇದ್ದುದರಿಂದಲೇ ರೋಗ ಬಂದು ಹೋಗುತ್ತಿತ್ತು ಎಂದು ಈಗ ತೋರುತ್ತದೆ. ಬದಲಿಗೆ ಅದೇ ಜಾತಿಯ ಹಳೆಯ ಪಟ್ಟಿಯೊಂದನ್ನು ಕೊಂಡೆವು. ಜಾತಿ ಎಂದದ್ದು ಸುಮ್ಮನೆ ಅಲ್ಲ. ಡಿಡಿಆರ್3 ಪಟ್ಟಿ ಡಿಡಿಆರ್4ರ ಸ್ಲಾಟಿನಲ್ಲಿ ಕೂರುವುದಿಲ್ಲ, ಕಚ್ಚಿನ ಸ್ಥಾನವೇ ಬೇರೆ. ಲ್ಯಾಪ್‌ಟಾಪಿನ ಪಟ್ಟಿ ಮೇಜಿನ ಯಂತ್ರಕ್ಕೆ ಹೊಂದುವುದಿಲ್ಲ. ಅಂಗಡಿಗೆ ಹೋಗುವಾಗ ಹಳೆಯ ಪಟ್ಟಿಯನ್ನು ಕೈಯಲ್ಲೇ ಒಯ್ಯುವುದು ಸುರಕ್ಷಿತ.

ಎರಡು ಪಟ್ಟಿಗಳಿರುವುದರಿಂದ ಇನ್ನೊಂದು ಲಾಭವೂ ಇದೆ. ಡಿಡಿಆರ್3-1600 ಮೆಮೊರಿಯ ಒಂದು ಪಥದಲ್ಲಿ ಸೆಕೆಂಡಿಗೆ ಹೆಚ್ಚೆಂದರೆ 12.8 ಜಿಬಿ ಸಾಗುತ್ತದೆ. ಎರಡು ಪಥಗಳಿದ್ದರೆ 25.6. ಸ್ವಂತ ಮೆಮೊರಿಯಿಲ್ಲದ ಚಿತ್ರದ ಚಿಪ್‌ಗೆ ಈ ಎರಡನೆಯ ಪಥ ದೊಡ್ಡ ಆಸರೆ. 8 ಜಿಬಿಯ ಒಂದು ಪಟ್ಟಿಗಿಂತ 4 ಜಿಬಿಯ ಎರಡು ಪಟ್ಟಿಗಳು ಅಂತಹ ಯಂತ್ರಕ್ಕೆ ಒಪ್ಪುತ್ತವೆ.

ಹಾಗಾದರೆ ಡ್ರೈವರ್ ಎಂದೂ ತಪ್ಪು ಮಾಡುವುದಿಲ್ಲವೇ? ಮಾಡುತ್ತದೆ, ಅದನ್ನೂ ಕಂಡಿದ್ದೇವೆ. ನಮ್ಮಲ್ಲೊಬ್ಬರ ತಂಗಿಯ ಮನೆ ಹೊಸೂರಿನಲ್ಲಿ. ಅವರ ಮಗನ ಲ್ಯಾಪ್‌ಟಾಪ್ ವಿಂಡೋಸ್ ತಾನಾಗಿ ನವೀಕರಿಸಿಕೊಂಡ ಮರುದಿನದಿಂದ ಸಂಜೆಯ ಹೊತ್ತಿಗೆ ಕಪ್ಪಾಗತೊಡಗಿತು. ಮೆಮೊರಿ ಪರೀಕ್ಷೆಯಲ್ಲಿ ಒಂದು ತಪ್ಪೂ ಇಲ್ಲ. ಬೆಳಗ್ಗೆ ಒಮ್ಮೆ, ಸಂಜೆ ಒಮ್ಮೆ ನಾನ್-ಪೇಜ್ಡ್ ಪೂಲ್ ಎಷ್ಟಿದೆ ಎಂದು ಬರೆದಿಡಲು ಹೇಳಿದೆವು. ಸಂಜೆ ಹುಡುಗನ ಕರೆ ಬಂತು: “ಮಾವ, ಬೆಳಗ್ಗೆ 400 ಎಂಬಿ ಇದ್ದದ್ದು ಈಗ ಎರಡೂವರೆ ಜಿಬಿ ಆಗಿದೆ.” ಯಾವುದೋ ಡ್ರೈವರ್ ಜಾಗವನ್ನು ಪಡೆಯುತ್ತಾ ಹೋಗಿ ಹಿಂದಿರುಗಿಸುತ್ತಿಲ್ಲ ಎಂಬುದಕ್ಕೆ ಅದು ಪ್ರಬಲ ಲಕ್ಷಣ. ಯಾವ ಡ್ರೈವರ್ ಎಂದು ಆ ಅಂಕಿ ಹೇಳದು. ಆದರೆ ರೋಗ ಶುರುವಾದ ದಿನವೂ ರಿಲಯಬಿಲಿಟಿ ಮಾನಿಟರಿನಲ್ಲಿ ಹೊಸ ಡಿಸ್‌ಪ್ಲೇ ಡ್ರೈವರ್ ಸ್ಥಾಪನೆಯಾದ ದಿನವೂ ಒಂದೇ ಆಗಿದ್ದವು.

ಅಂತಹ ಸಂದರ್ಭದಲ್ಲಿ ಹಿಂದಿನ ಡ್ರೈವರಿಗೆ ಮರಳುವುದು ಮೊದಲ ಹೆಜ್ಜೆ. ಡಿವೈಸ್ ಮ್ಯಾನೇಜರ್ ತೆರೆದು, ಡಿಸ್‌ಪ್ಲೇ ಅಡಾಪ್ಟರ್ಸ್ ಕೆಳಗಿನ ಹೆಸರಿನ ಮೇಲೆ ಬಲಗುಂಡಿ ಒತ್ತಿ, ಪ್ರಾಪರ್ಟೀಸ್‌ನ ಡ್ರೈವರ್ ವಿಭಾಗದಲ್ಲಿ ರೋಲ್ ಬ್ಯಾಕ್ ಡ್ರೈವರ್ ಆರಿಸಬೇಕು. ಆ ಗುಂಡಿ ಮಸುಕಾಗಿದ್ದರೆ ಹಿಂದಿನದು ಯಂತ್ರದಲ್ಲಿ ಉಳಿದಿಲ್ಲ ಎಂದರ್ಥ. ಆಗ ಲ್ಯಾಪ್‌ಟಾಪಿನ ತಳದಲ್ಲಿರುವ ಮಾದರಿ ಸಂಖ್ಯೆಯನ್ನು ನೋಡಿ, ತಯಾರಕರ ಅಧಿಕೃತ ಜಾಲತಾಣದಿಂದ ಆ ಮಾದರಿಯದೇ ಡ್ರೈವರನ್ನು ಇಳಿಸಿಕೊಳ್ಳಬೇಕು. ಹೊಸೂರಿನ ಹುಡುಗ ಹಿಂದಿನದಕ್ಕೆ ಮರಳಿದ ಮೇಲೆ ಆ ಅಂಕಿ ದಿನವಿಡೀ ಕದಲಲಿಲ್ಲ.

ಎಲ್ಲ ಡ್ರೈವರುಗಳನ್ನೂ ಉಚಿತವಾಗಿ ನವೀಕರಿಸುತ್ತೇವೆಂದು ಜಾಹೀರಾತು ಕೊಡುವ ತಂತ್ರಾಂಶಗಳನ್ನು ಮಾತ್ರ ಮನೆಯ ಹೊಸಿಲು ದಾಟಲು ಬಿಡಬಾರದು ಎಂಬುದು ನಮ್ಮ ಖಚಿತ ನಿಲುವು. ಇನ್ನೊಂದು ಸಲಹೆಯೂ ಎಲ್ಲೆಡೆ ಕಿವಿಗೆ ಬೀಳುತ್ತದೆ: ವಿಂಡೋಸ್ ಕಾಯುವ 2 ಸೆಕೆಂಡನ್ನು ರಿಜಿಸ್ಟ್ರಿಯಲ್ಲಿ ತಿದ್ದಿ 8 ಅಥವಾ 10ಕ್ಕೆ ಏರಿಸಿ ಎಂದು. ಭಾರೀ ಚಿತ್ರಗಣನೆ ಮಾಡುವವರಿಗೆ ಅದರಿಂದ ಪ್ರಯೋಜನವಿರಬಹುದು. ಮಕ್ಕಳು ಪಾಠ ಓದುವ ಯಂತ್ರದಲ್ಲಿ ಅದು ಹೊಗೆಯ ಗಂಟೆಗೆ ಬಟ್ಟೆ ಸುತ್ತಿದಂತೆ.

ಪರದೆ ಹೆಪ್ಪುಗಟ್ಟಿ ನಿಂತ ಕ್ಷಣದಲ್ಲಿ ವಿಂಡೋಸ್ ಚಿಹ್ನೆಯ ಕೀಲಿ, ಕಂಟ್ರೋಲ್, ಶಿಫ್ಟ್ ಮತ್ತು ಬಿ ಅಕ್ಷರವನ್ನು ಒಟ್ಟಿಗೆ ಒತ್ತಿದರೆ ಚಿತ್ರದ ಡ್ರೈವರ್ ಮಾತ್ರ ಹೊಸದಾಗಿ ಏಳುತ್ತದೆ. ತೆರೆದಿಟ್ಟ ಬರಹ ಸಾಮಾನ್ಯವಾಗಿ ಉಳಿದುಕೊಳ್ಳುತ್ತದೆ, ಕೂಡಲೇ ಅದನ್ನು ಸೇವ್ ಮಾಡಿಕೊಳ್ಳಬಹುದು. ಬ್ರೌಸರಿನಲ್ಲಿ ವಿಡಿಯೋ ನೋಡುವಾಗ ಮಾತ್ರ ರೋಗ ಕಾಣಿಸಿದರೆ, ಬ್ರೌಸರಿನ ಸೆಟ್ಟಿಂಗ್ಸ್‌ನಲ್ಲಿ ಗ್ರಾಫಿಕ್ಸ್ ವೇಗವರ್ಧನೆಯನ್ನು ಒಂದು ದಿನ ಆರಿಸಿ ನೋಡಿ. ರೋಗ ನಿಂತರೆ ಚಿಪ್ ಮತ್ತು ಡ್ರೈವರಿನ ಕಡೆ ಬೆರಳು ತಿರುಗುತ್ತದೆ. ಅರ್ಧ ಗಂಟೆ ಓಡಿದ ಮೇಲೆಯೇ ಕಪ್ಪಾಗುವ ಯಂತ್ರಕ್ಕೆ ಮೊದಲು ಬೇಕಾದದ್ದು ಫ್ಯಾನಿನ ಧೂಳು ತೆಗೆಯುವ ಕುಂಚ.

ಕೇರಳದ ಸರಕಾರಿ ಮತ್ತು ಅನುದಾನಿತ ಶಾಲೆಗಳ ಮಕ್ಕಳಿಗೆ ಒಂದು ಮಾತು. ನಿಮ್ಮ ಶಾಲೆಯ ಲ್ಯಾಪ್‌ಟಾಪುಗಳಲ್ಲಿರುವುದು ಕೈಟ್ ಸಂಸ್ಥೆ ಸಿದ್ಧಪಡಿಸಿದ ಲಿನಕ್ಸ್. ಅಲ್ಲಿ ಟಾಸ್ಕ್ ಮ್ಯಾನೇಜರ್ ಇಲ್ಲ, ಆದರೆ ಲೆಕ್ಕ ಅದೇ. ಟರ್ಮಿನಲ್‌ನಲ್ಲಿ ಫ್ರೀ ಎಂಬ ಆಜ್ಞೆ ಮೆಮೊರಿಯ ಪಟ್ಟಿಯನ್ನು ಕೊಡುತ್ತದೆ. ಅವೈಲಬಲ್ ಎಂಬ ಕೊನೆಯ ಕಂಬವನ್ನು ಓದಿ, ಫ್ರೀ ಎಂಬ ಕಂಬವನ್ನು ನೋಡಿ ಗಾಬರಿಯಾಗಬೇಡಿ. ಲಿನಕ್ಸ್ ಖಾಲಿ ಜಾಗವನ್ನು ಸುಮ್ಮನೆ ಬಿಡದೆ ಓದಿದ ಕಡತಗಳನ್ನು ಇಟ್ಟುಕೊಳ್ಳಲು ಬಳಸುತ್ತದೆ. ಚಿತ್ರದ ಚಿಪ್ ಸಿಕ್ಕಿಕೊಂಡಿದ್ದರೆ ವ್ಯವಸ್ಥೆಯ ದಾಖಲೆಯಲ್ಲಿ ಜಿಪಿಯು ಹ್ಯಾಂಗ್ ಎಂಬ ಸಾಲು ಇರಬಹುದು. ಅದನ್ನು ಕಂಡರೆ ಸಮಯದೊಂದಿಗೆ ಬರೆದು ಐಟಿ ಅಧ್ಯಾಪಕರಿಗೆ ಕೊಡಿ. ಶಾಲೆಯ ಯಂತ್ರವನ್ನು ಮಾತ್ರ ಬಿಚ್ಚಬೇಡಿ, ರಬ್ಬರು ಪೆನ್ಸಿಲಿಗೇ ಇರಲಿ.

ಬರೆದಿಡುವ ಅಭ್ಯಾಸ ದುರಸ್ತಿಯ ಅರ್ಧ ಕೆಲಸವನ್ನು ಮಾಡುತ್ತದೆ. ವಾಚನಾಲಯದ ಯಂತ್ರದ ಪಕ್ಕದಲ್ಲಿ ಈಗೊಂದು ಪುಸ್ತಕ ಕಟ್ಟಿಹಾಕಿದ್ದೇವೆ. ದಿನಾಂಕ, ಗಂಟೆ, ಆಗ ತೆರೆದಿದ್ದದ್ದು ಏನು, ಇನ್ ಯೂಸ್ ಎಷ್ಟು, ಕಮಿಟೆಡ್ ಎಷ್ಟು, ಪರದೆಯಲ್ಲಿ ಕಂಡ ಸಂಖ್ಯೆ ಯಾವುದು ಎಂದು ಮಕ್ಕಳೇ ಕನ್ನಡದಲ್ಲಿ ಗೀಟು ಹಾಕಿ ಬರೆಯುತ್ತಾರೆ. ಹೊಸ ಪಟ್ಟಿ ಹಾಕಿದಂದಿನಿಂದ ಕಪ್ಪು ಪರದೆಯ ಕಂಬ ಖಾಲಿಯಾಗಿದೆ. ಡಿಸ್‌ಪ್ಲೇ ಡ್ರೈವರ್ ಮೊದಲು ಇದ್ದದ್ದೇ, ಮದರ್‌ಬೋರ್ಡೂ ಅದೇ. ಕಥೆ ಕಳೆದುಕೊಂಡಿದ್ದ ಹುಡುಗಿ ಅದನ್ನು ಮತ್ತೆ ಬರೆದಳು. ಎರಡನೆಯ ಬಾರಿ ಮೊದಲಿನದಕ್ಕಿಂತ ಚಿಕ್ಕದಾಯಿತು, ಆದರೆ ಚೆನ್ನಾಗಿಯೇ ಇದೆ ಎಂದಳು. ಕೆಟ್ಟ ಪಟ್ಟಿಯನ್ನು ಯಾರಾದರೂ ಮರೆತು ಮತ್ತೆ ಹಾಕಿಬಿಡಬಾರದೆಂದು ಅದರ ಮೇಲೆ ಕೆಂಪು ಶಾಯಿಯಲ್ಲಿ ಅಡ್ಡಗೀಟು ಹಾಕಿ, ಪುಸ್ತಕದ ದಾರಕ್ಕೇ ಕಟ್ಟಿ ತೂಗುಹಾಕಿದ್ದೇವೆ.